‘ಟೇಕ್’ ಎಂದರೆ ‘ತೆಗೆದುಕೊಳ್ಳು’ ಮಾತ್ರವಲ್ಲ: ಅರ್ಥ ಹಿಡಿಯುವ, ಸಮಾನಪದ ಆರಿಸುವ ಬಗೆ

ಇಂಗ್ಲಿಷಿನ ‘ಟೇಕ್’ ಕ್ರಿಯಾಪದವನ್ನು ‘ತೆಗೆದುಕೊಳ್ಳು’ ಎಂಬ ಒಂದೇ ಅರ್ಥಕ್ಕೆ ಕಟ್ಟಿಹಾಕಿದರೆ ಓದುವಾಗಲೂ ತೊಡಕು, ಬರೆಯುವಾಗಲೂ ತೊಡಕು. ಅದರ ಅರ್ಥವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಮುಂದೆ ಬರುವ ಪದ. ಹಾಗಾಗಿ ‘ಟೇಕ್’ ಕಂಡ ಕೂಡಲೇ ಕಣ್ಣು ಮುಂದಿನ ಪದಕ್ಕೆ ಹೋಗಲಿ. ಅಲ್ಲಿರುವುದು ವಸ್ತುವೋ, ವ್ಯಕ್ತಿಯೋ, ಸಮಯವೋ, ಔಷಧಿಯೋ, ‘ಆಫ್’ ‘ಅಪ್’ನಂಥ ಪುಟ್ಟ ಪದವೋ ನೋಡಿಕೊಂಡು ಆಮೇಲೆ ಕನ್ನಡಕ್ಕೆ ಬನ್ನಿ.

ಮುಖ್ಯ ರೂಪಗಳು ಮೂರು: ‘ಟೇಕ್’, ಭೂತಕಾಲಕ್ಕೆ ‘ಟುಕ್’, ‘ಹ್ಯಾವ್’ ಅಥವಾ ‘ಬಿ’ ಜೊತೆ ‘ಟೇಕನ್’. ‘ಹ್ಯಾವ್ ಟುಕ್’, ‘ಡಿಡ್ ನಾಟ್ ಟುಕ್’ ಎರಡೂ ತಪ್ಪು. ‘ಡಿಡ್’ ಬಂದ ಮೇಲೆ ಭೂತಕಾಲ ಅದರಲ್ಲೇ ಮುಗಿದಿರುತ್ತದೆ, ಮುಂದೆ ‘ಟೇಕ್’ ಎಂದಷ್ಟೇ ಸಾಕು. ಪದ ಬಂದದ್ದು ಸ್ಕ್ಯಾಂಡಿನೇವಿಯಾದವರು ಹಿಂದೆ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಟಾಕಾ’ದಿಂದ. ಅದಕ್ಕೂ ಮೊದಲು ಇಂಗ್ಲಿಷರು ಈ ಅರ್ಥಕ್ಕೆ ‘ನಿಮನ್’ ಎನ್ನುತ್ತಿದ್ದರು. ಆ ಹಳೆಯ ಪದದ ಗುರುತು ಇಂದಿಗೂ ‘ನಮ್’ (numb, ಮರಗಟ್ಟಿದ), ‘ನಿಂಬಲ್’ (nimble, ಚುರುಕಾದ) ಪದಗಳಲ್ಲಿ ಉಳಿದಿದೆ.

ವಸ್ತುವಿನ ಜೊತೆ ಬಂದಾಗ ಮೊದಲು ದಿಕ್ಕು ನೋಡಿ. ಮಾತನಾಡುವವರು ಇರುವಲ್ಲಿಗೆ ಬಂದರೆ ‘ಬ್ರಿಂಗ್’, ಅಲ್ಲಿಂದ ಆಚೆ ಹೋದರೆ ‘ಟೇಕ್’. ಕನ್ನಡದ ‘ತರು’, ‘ಒಯ್ಯು’ ವ್ಯತ್ಯಾಸವೇ ಇದು, ಹಾಗಾಗಿ ನಮಗೆ ಸುಲಭ. ಆದರೆ ನಾವು ವಸ್ತುವನ್ನು ‘ಒಯ್ದು’ ಮನುಷ್ಯರನ್ನು ‘ಕರೆದೊಯ್ಯುತ್ತೇವೆ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಟೇಕ್’ ಒಂದೇ. ‘ಟೇಕ್ ದ ಚೈಲ್ಡ್ ಟು ಸ್ಕೂಲ್’ ಎಂದರೆ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಿ.

ಕನ್ನಡಿಗರು ಹೆಚ್ಚು ಎಡವುವುದು ಖರೀದಿಯ ಮಾತಿನಲ್ಲಿ. ‘ಅಂಗಡಿಯಲ್ಲಿ ಅಂಗಿ ತಗೊಂಡೆ’ ಎಂದರೆ ದುಡ್ಡು ಕೊಟ್ಟು ಕೊಂಡೆ ಎಂದೇ ನಮಗೆ ಅರ್ಥ. ಅದನ್ನೇ ‘ಐ ಟುಕ್ ಅ ಶರ್ಟ್ ಫ್ರಮ್ ದ ಶಾಪ್’ ಎಂದು ಬರೆದರೆ ಕೇಳುವವರಿಗೆ ದುಡ್ಡು ಕೊಡದೆ ಎತ್ತಿಕೊಂಡು ಬಂದ ಹಾಗೆ ಅನಿಸಬಹುದು. ಇಲ್ಲಿ ‘ಬಾಟ್’ ಬಳಸಿ. ಒಂದು ವಿನಾಯಿತಿ ಇದೆ: ಅಂಗಡಿಯಲ್ಲೇ ನಿಂತು, ಆರಿಸಿ, ‘ಐ ವಿಲ್ ಟೇಕ್ ದಿಸ್ ಒನ್’ ಎನ್ನುವುದು ಸರಿಯಾದ, ಸಹಜವಾದ ಮಾತು.

ಸಮಯದ ಜೊತೆ ಬಂದರೆ ‘ಹಿಡಿಯುತ್ತದೆ’, ‘ಬೇಕಾಗುತ್ತದೆ’ ಎಂದು ಓದಿ. ‘ಇಟ್ ಟೇಕ್ಸ್ ಮಿ ಟೆನ್ ಮಿನಿಟ್ಸ್ ಟು ವಾಕ್ ದೇರ್’ ವಾಕ್ಯದ ‘ಇಟ್’ಗೆ ಸ್ವಂತ ಅರ್ಥವಿಲ್ಲ, ಕರ್ತೃವಿನ ಜಾಗ ತುಂಬಲು ಬಂದದ್ದು. ಕನ್ನಡದಲ್ಲಿ ಅದನ್ನು ಬಿಟ್ಟು ‘ಅಲ್ಲಿಗೆ ನಡೆಯಲು ನನಗೆ ಹತ್ತು ನಿಮಿಷ ಬೇಕು’ ಎನ್ನಬೇಕು. ನಿಘಂಟು ಇಲ್ಲಿ ‘ರಿಕ್ವೈರ್’, ‘ಲಾಸ್ಟ್’ ಎಂಬ ಸಮಾನಪದಗಳನ್ನು ಕೊಡಬಹುದು, ಆದರೆ ಅವು ಎಲ್ಲ ಕಡೆ ಕೂರುವುದಿಲ್ಲ. ‘ದ ಟ್ರಿಪ್ ಟುಕ್ ತ್ರೀ ಅವರ್ಸ್’ ಎಂಬಲ್ಲಿ ‘ಲಾಸ್ಟೆಡ್’ ಹಾಕಬಹುದು. ‘ಇಟ್ ಟುಕ್ ಮಿ ತ್ರೀ ಅವರ್ಸ್ ಟು ರೈಟ್ ಇಟ್’ ಎಂಬಲ್ಲಿ ಹಾಕಿದರೆ ವಾಕ್ಯವೇ ಮುರಿಯುತ್ತದೆ.

ಸಮಾನಪದ ಆರಿಸುವಾಗ ಮಾಡಬೇಕಾದ ಪರೀಕ್ಷೆಯೂ ಇದೇ. ಮೊದಲು ‘ಟೇಕ್’ನ ಜಾಗದಲ್ಲಿ ಹೊಸ ಪದವನ್ನು ಅದೇ ಕಾಲದಲ್ಲಿ ಇಡಿ. ವಾಕ್ಯದ ಉಳಿದ ಪದಗಳು ಅಲುಗದೆ ನಿಲ್ಲುತ್ತವೆಯೇ ನೋಡಿ. ನಿಂತರೆ, ಬಲ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಕೇಳಿಕೊಳ್ಳಿ. ‘ಟೇಕ್’ ತಟಸ್ಥ ಪದ. ‘ಗ್ರ್ಯಾಬ್’ ಎಂದರೆ ತಟ್ಟನೆ ಹಿಡಿದುಕೊಳ್ಳುವುದು, ‘ಸ್ನ್ಯಾಚ್’ ಎಂದರೆ ಕಸಿದುಕೊಳ್ಳುವುದು, ‘ಸೀಜ್’ ಎಂದರೆ ಬಲದಿಂದಲೋ ಕಾನೂನಿನ ಅಧಿಕಾರದಿಂದಲೋ ವಶಪಡಿಸಿಕೊಳ್ಳುವುದು, ‘ಸ್ಟೀಲ್’ ನೇರವಾಗಿ ಕಳವು. ‘ಅವಳು ನನ್ನ ಪೆನ್ನು ತೆಗೆದುಕೊಂಡಳು’ ಎಂಬ ಸಾದಾ ಮಾತಿಗೆ ‘ಸೀಜ್ಡ್’ ಹಾಕಿದರೆ ಪೆನ್ನು ಜಪ್ತಿಯಾದಂತೆ ಕೇಳುತ್ತದೆ. ಕೆಲಸವನ್ನೋ ಸಲಹೆಯನ್ನೋ ಒಪ್ಪಿಕೊಳ್ಳುವ ಅರ್ಥಕ್ಕೆ ‘ಅಕ್ಸೆಪ್ಟ್’ ಸಾಕು. ತಾಳಿಕೊಳ್ಳುವ ಅರ್ಥಕ್ಕೆ, ಅಂದರೆ ‘ಐ ಕಾಂಟ್ ಟೇಕ್ ಇಟ್ ಎನಿಮೋರ್’ ಎಂಬಲ್ಲಿ, ‘ಬೇರ್’, ‘ಸ್ಟ್ಯಾಂಡ್’ ಹೊಂದುತ್ತವೆ.

ಕೆಲವೆಡೆ ಮಾತ್ರ ಈ ಪರೀಕ್ಷೆ ನಡೆಯದು. ‘ಟೇಕ್ ಅ ಲುಕ್’, ‘ಟೇಕ್ ಅ ವಾಕ್’, ‘ಟೇಕ್ ಅ ಶವರ್’ ಮುಂತಾದವುಗಳಲ್ಲಿ ಕ್ರಿಯೆಯ ತಿರುಳೆಲ್ಲ ನಾಮಪದದಲ್ಲಿದೆ. ‘ಟೇಕ್’ ಅದನ್ನು ಹೊರುವ ಕಂಬವಷ್ಟೇ. ಇಲ್ಲಿ ‘ಟೇಕ್’ಗೆ ಸಮಾನಪದ ಹುಡುಕಬೇಡಿ. ಬದಲಿಸಲೇಬೇಕಿದ್ದರೆ ಇಡೀ ಗುಚ್ಛವನ್ನು ‘ಲುಕ್’, ‘ವಾಕ್’ ಎಂಬ ಕ್ರಿಯಾಪದದಿಂದ ಬದಲಿಸಿ.

ಕನ್ನಡದ ಕ್ರಿಯಾಪದ ದಾರಿ ತಪ್ಪಿಸುವ ಜೋಡಿಗಳೂ ಇವೆ. ನಾವು ಮಾತ್ರೆ ‘ನುಂಗುತ್ತೇವೆ’, ಔಷಧಿ ‘ಕುಡಿಯುತ್ತೇವೆ’. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ‘ಟೇಕ್’. ನಾವು ಪರೀಕ್ಷೆ ‘ಬರೆಯುತ್ತೇವೆ’. ಇಂಗ್ಲಿಷಿನ ವ್ಯಾಪಕ ಬಳಕೆ ‘ಟೇಕ್ ಅನ್ ಎಕ್ಸಾಮ್’. ನಾವು ಬಸ್ ‘ಹಿಡಿಯುತ್ತೇವೆ’. ದಿನವೂ ಬಸ್ಸಿನಲ್ಲಿ ಹೋಗುವ ಅಭ್ಯಾಸಕ್ಕೆ ಅವರು ‘ಟೇಕ್ ದ ಬಸ್’ ಎನ್ನುತ್ತಾರೆ, ಹೊರಡುವ ಮುನ್ನ ಓಡಿ ಹತ್ತುವುದಕ್ಕೆ ‘ಕ್ಯಾಚ್’ ಹೆಚ್ಚು ಒಪ್ಪುತ್ತದೆ. ಊಟ ತಿಂಡಿಗೆ ‘ಟೇಕ್’ ಕೃತಕವಾಗಿ ಕೇಳುತ್ತದೆ, ‘ಹ್ಯಾವ್’ ಅಥವಾ ‘ಈಟ್’ ಹಾಕಿ.

ಇನ್ನು ಪುಟ್ಟ ಪದ ಸೇರಿದ ಗುಂಪು. ಇವನ್ನು ಒಂದೊಂದು ಹೊಸ ಪದವೆಂದೇ ಕಲಿಯಬೇಕು, ಬಿಡಿಸಿ ಅರ್ಥ ಕಟ್ಟಿದರೆ ಕೆಡುತ್ತದೆ. ‘ಟೇಕ್ ಆಫ್’ ಎಂದರೆ ವಿಮಾನ ಮೇಲೇರುವುದು, ತೊಟ್ಟದ್ದನ್ನು ಕಳಚುವುದೂ ಹೌದು. ‘ಟೇಕ್ ಅಪ್’ ಎಂದರೆ ಹೊಸ ಹವ್ಯಾಸ ಶುರು ಮಾಡುವುದು, ಇಲ್ಲವೇ ಜಾಗ ಆಕ್ರಮಿಸುವುದು. ‘ಟೇಕ್ ಓವರ್’ ಎಂದರೆ ಹೊಣೆಯನ್ನೋ ಸಂಸ್ಥೆಯನ್ನೋ ವಹಿಸಿಕೊಳ್ಳುವುದು. ‘ಟೇಕ್ ಇನ್’ ಎಲ್ಲಕ್ಕಿಂತ ಕಷ್ಟದ್ದು: ಆಶ್ರಯ ಕೊಡು, ಗ್ರಹಿಸು, ಬಟ್ಟೆಯ ಅಗಲ ತಗ್ಗಿಸಿ ಹೊಲಿ, ಮೋಸಗೊಳಿಸು, ಇಷ್ಟೂ ಅದರ ಅರ್ಥಗಳು. ‘ಹಿ ವಾಸ್ ಟೇಕನ್ ಇನ್ ಬೈ ದ ಲೆಟರ್’ ಎಂದರೆ ಆ ಪತ್ರವನ್ನು ನಂಬಿ ಅವನು ಮೋಸಹೋದ ಎಂದು.

ಇಲ್ಲಿ ಪದಗಳ ಜಾಗವೂ ಮುಖ್ಯ. ‘ಟೇಕ್ ಆಫ್ ಯುವರ್ ಶೂಸ್’, ‘ಟೇಕ್ ಯುವರ್ ಶೂಸ್ ಆಫ್’ ಎರಡೂ ಸರಿ. ಆದರೆ ‘ಶೂಸ್’ ಬದಲು ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟೇಕ್ ದೆಮ್ ಆಫ್’. ‘ಟೇಕ್ ಆಫ್ಟರ್’ ಮಾತ್ರ ಎಂದೂ ಬಿಡಿಯಾಗದು. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’ ಎಂದರೆ ಅವಳು ತಾಯಿಯನ್ನು ಹೋಲುತ್ತಾಳೆ ಎಂದು. ನೋಡಿಕೊಳ್ಳುತ್ತಾಳೆ ಎಂದಲ್ಲ, ಅದಕ್ಕೆ ‘ಲುಕ್ಸ್ ಆಫ್ಟರ್’ ಬೇಕು.