ಕಾನ್‌ಫ್‌ಟೆಸ್ಟ್ ಫೈಲಿಗೆ ಕೈ ಹಾಕುವ ಮುಂಚೆ

ಪೈಥಾನ್ ಕೋಡ್ ಪರೀಕ್ಷಿಸುವ ಸಾಧನ ಪೈಟೆಸ್ಟ್. ಅದರಲ್ಲಿ ಟೆಸ್ಟ್‌ಗಳು ಹಂಚಿಕೊಳ್ಳುವ ಫಿಕ್ಸ್ಚರ್‌ಗಳು (ಟೆಸ್ಟಿಗೆ ಬೇಕಾದ್ದನ್ನು ಸಿದ್ಧಮಾಡಿಕೊಡುವ ಫಂಕ್ಷನ್‌ಗಳು) ಕಾನ್‌ಫ್‌ಟೆಸ್ಟ್ ಫೈಲಿನಲ್ಲಿರುತ್ತವೆ. ನಮ್ಮ ಫೈಲು 1,400 ಸಾಲು ದಾಟಿತ್ತು. ಅದನ್ನು ಒಂದೇ ಏಟಿಗೆ ಒಡೆಯಲು ಹೋಗಿ ಇಡೀ ಶನಿವಾರ ಹಾಳು ಮಾಡಿಕೊಂಡೆ. ಈಗ ಮೊದಲು ‘ಸೆಟಪ್-ಶೋ’ ಆಯ್ಕೆ ಹಾಕಿ ಓಡಿಸುತ್ತೇನೆ. ಯಾವ ಫಿಕ್ಸ್ಚರ್ ಯಾವಾಗ ಹುಟ್ಟುತ್ತದೆ, ಯಾವಾಗ ಸಾಯುತ್ತದೆ ಎಲ್ಲವೂ ಕಾಣುತ್ತದೆ. ಆ ಔಟ್‌ಪುಟ್ ಸೇವ್ ಮಾಡಿಟ್ಟುಕೊಳ್ಳಿ, ಆಮೇಲೆ ಹೋಲಿಸಲು ಬೇಕು.

ಜಾಸ್ತಿ ಕಾಡುವುದು ಸ್ಕೋಪ್, ಅಂದರೆ ಒಂದು ಫಿಕ್ಸ್ಚರ್ ಎಷ್ಟು ಹೊತ್ತು ಬದುಕಿರುತ್ತದೆ ಎಂಬುದು. ಏನೂ ಹೇಳದಿದ್ದರೆ ಫಿಕ್ಸ್ಚರ್ ಪ್ರತಿ ಟೆಸ್ಟಿಗೂ ಹೊಸದಾಗಿ ತಯಾರಾಗುತ್ತದೆ. ವೇಗ ಬೇಕೆಂದು ಯಾರೋ (ಸರಿ, ನಾನೇ) ಡೇಟಾಬೇಸ್ ಫಿಕ್ಸ್ಚರ್‌ಗೆ ‘ಸೆಷನ್’ ಸ್ಕೋಪ್ ಕೊಟ್ಟಿದ್ದೆ, ಅಂದರೆ ಎಲ್ಲ ಟೆಸ್ಟಿಗೂ ಸೇರಿ ಒಂದೇ. ಒಂದು ಟೆಸ್ಟ್ ಸೇರಿಸಿದ ಗ್ರಾಹಕ ಇನ್ನೊಂದರ ಎಣಿಕೆ ಕೆಡಿಸುತ್ತಿದ್ದ. ಒಂಟಿಯಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್. ತಲೆ ಕೆಡುತ್ತೆ, ಅಲ್ವಾ?

ಆ ಡೇಟಾಬೇಸ್ ಫಿಕ್ಸ್ಚರನ್ನು ಎರಡು ಮಾಡಿ. ಕನೆಕ್ಷನ್ ಸೆಷನ್‌ನಲ್ಲೇ ಇರಲಿ. ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಅಥವಾ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು) ಮಾತ್ರ ಪ್ರತಿ ಟೆಸ್ಟಿಗೂ ಬೇರೆ. ಫಿಕ್ಸ್ಚರ್ ಟೆಸ್ಟಿಗೆ ಸರದಿ ಬಿಟ್ಟುಕೊಡುವ ‘ಯೀಲ್ಡ್’ ಆದಮೇಲಿನ ಸಾಲಿನಲ್ಲಿ ರೋಲ್‌ಬ್ಯಾಕ್ (ಬದಲಾವಣೆಗಳನ್ನು ರದ್ದು ಮಾಡುವುದು) ಬರೆಯಿರಿ. ಟೆಸ್ಟ್ ಫೇಲಾದರೂ ಆ ಸಾಲು ಓಡುತ್ತದೆ. ನಿಮ್ಮ ಕೋಡೇ ನಡುವೆ ಕಮಿಟ್ ಮಾಡುತ್ತಿದ್ದರೆ (ಬದಲಾವಣೆ ಖಾಯಂ ಮಾಡುತ್ತಿದ್ದರೆ) ಇಷ್ಟು ಸಾಲದು, ಸೇವ್‌ಪಾಯಿಂಟ್ (ಟ್ರಾನ್ಸಾಕ್ಷನ್ ಒಳಗೇ ಹಿಂದಿರುಗಬಹುದಾದ ಗುರುತು) ಬೇಕು.

ಒಂದು ಸಲಕ್ಕೆ ಒಂದೇ ಫಿಕ್ಸ್ಚರ್ ಬದಲಿಸಿ. ‘ಆಟೋಯೂಸ್’ ಇರುವವನ್ನು, ಅಂದರೆ ಕೇಳದಿದ್ದರೂ ತಾವಾಗಿಯೇ ಓಡುವವನ್ನು, ಕೊನೆಗೆ ಮುಟ್ಟಿ. ಟೆಸ್ಟಿನಲ್ಲಿ ಅವುಗಳ ಹೆಸರೇ ಇರುವುದಿಲ್ಲ, ಸುಮ್ನೆ ಹಿಂದೆ ಓಡುತ್ತಿರುತ್ತವೆ.