ಸ್ಲೈಡ್ ಬಿಟ್ಟು ಲಕೋಟೆ ಹಿಡಿದೆ

ಸೈಬರ್ ಭದ್ರತೆಯ ಸಮ್ಮೇಳನಗಳಲ್ಲಿ ನಮ್ಮಂಥ ವಕೀಲರಿಗೆ ಸಿಗುವುದು ಊಟದ ನಂತರದ ಹೊತ್ತು. ಕಾರಣ ನಮಗೆಲ್ಲ ಗೊತ್ತೇ ಇದೆ. ಮೊದಲ ಸಲ ನಲವತ್ತು ನಿಮಿಷಕ್ಕೆ ಅರವತ್ತಕ್ಕೂ ಹೆಚ್ಚು ಸ್ಲೈಡ್ ಒಯ್ದು ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ ವಿಧಿಗಳನ್ನು ಒಂದೊಂದಾಗಿ ಓದಿದೆ. ಸಭೆಗೆ ಎಚ್ಚರವಾದದ್ದು ಒಂದೇ ಸ್ಲೈಡಿಗೆ: ಬ್ರಿಟಿಷ್ ಏರ್‌ವೇಸ್‌ಗೆ ಗ್ರಾಹಕರ ದತ್ತಾಂಶ ಸೋರಿದ್ದಕ್ಕೆ 2019ರಲ್ಲಿ ವಿಧಿಸಲು ಹೊರಟಿದ್ದ ದಂಡ 18 ಕೋಟಿ ಪೌಂಡ್‌ಗೂ ಹೆಚ್ಚು, 2020ರಲ್ಲಿ ಕೊನೆಗೆ ವಿಧಿಸಿದ್ದು 2 ಕೋಟಿ. ಅದರ ಫೋಟೊ ತೆಗೆದುಕೊಂಡು ಮತ್ತೆ ಕಣ್ಣು ಮುಚ್ಚಿದರು.

ಮರುವರ್ಷ ಜಾಣತನ ತೋರಿಸಲು ಹೋದೆ. ‘ಭಾಷಣದ ಟಿಪ್ಪಣಿ ಇಲ್ಲಿದೆ’ ಎಂಬ ಕ್ಯೂಆರ್ ಕೋಡ್ ಚೀಟಿಗಳನ್ನು ಕುರ್ಚಿಗಳ ಮೇಲಿಟ್ಟೆ. ಇನ್ನೂರು ಜನರಲ್ಲಿ ಎಂಬತ್ತರಷ್ಟು ಮಂದಿ ಹಿಂದೆಮುಂದೆ ನೋಡದೆ ಕಚೇರಿಯ ಇಮೇಲ್ ವಿಳಾಸ ತುಂಬಿದರು. ಸೈಬರ್ ಭದ್ರತೆಯ ಸಮ್ಮೇಳನದಲ್ಲಿ! ವೇದಿಕೆಯ ಮೇಲೆ ಅದನ್ನು ಹೇಳಿ ಬೀಗುತ್ತಿದ್ದಾಗ ಮುಂದಿನ ಸಾಲಿನ ವಕೀಲೆಯೊಬ್ಬರು ಎದ್ದು, “ಈ ವಿಳಾಸಗಳನ್ನು ಯಾವ ಕಾನೂನಿನ ಆಧಾರದ ಮೇಲೆ ಸಂಗ್ರಹಿಸಿದಿರಿ? ಯಾವಾಗ ಅಳಿಸುತ್ತೀರಿ?” ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಆ ಆಯೋಜಕರು ಮತ್ತೆ ಕರೆಯಲಿಲ್ಲ.

ಗೌರವಧನವಂತೂ ಎಂದೂ ಇರಲಿಲ್ಲ. ಪ್ರಯಾಣ, ವಸತಿ ಎರಡೂ ನನ್ನ ಕೈಯಿಂದಲೇ. ಮೇಲೆ ಎರಡು ದಿನದ ಶುಲ್ಕ ಖೋತಾ. ಒಂದೊಂದು ಭಾಷಣಕ್ಕೂ ತಿಂಗಳ ಗಳಿಕೆಯ ಹತ್ತರಲ್ಲೊಂದು ಪಾಲು ಕರಗುತ್ತಿತ್ತು. ಕಚೇರಿಯ ಪಾಲುದಾರರು ಸಾಕು ಮಾಡಿ ಎಂದರು. ಲಕೋಟೆಯ ಯೋಜನೆ ಹೇಳಿದಾಗಲಂತೂ, ಇದು ಮಕ್ಕಳಾಟ, ವಕೀಲರ ಘನತೆಗೆ ಒಪ್ಪುವುದಲ್ಲ ಎಂದರು.

ಯೋಜನೆ ಇಷ್ಟೆ. ಪ್ರೊಜೆಕ್ಟರ್ ಬೇಡ. ಆರೆಂಟು ಜನರ ಗುಂಪು, ಪ್ರತಿ ಗುಂಪೂ ಒಂದು ಕಾಲ್ಪನಿಕ ಕಂಪನಿ. ದತ್ತಾಂಶ ಸೋರಿದರೆ ಸರ್ಕಾರಿ ನಿಯಂತ್ರಕರಿಗೆ ತಿಳಿಸಲು ಇರುವ 72 ಗಂಟೆಯನ್ನು 36 ನಿಮಿಷಕ್ಕೆ ಇಳಿಸಿದೆ, ಅರ್ಧ ನಿಮಿಷಕ್ಕೊಂದು ಗಂಟೆ. ಗಡಿಯಾರ ಓಡುತ್ತಿರುವಾಗ ಹೊಸ ಹೊಸ ತೊಡಕು ಹೊತ್ತ ಲಕೋಟೆಗಳು ಬರುತ್ತವೆ. ಮೊದಲ ಪ್ರಯೋಗದಲ್ಲಿ ಹನ್ನೊಂದು ಲಕೋಟೆ ಮಾಡಿಸಿದ್ದೆ. ನಾಲ್ಕನೆಯದನ್ನು ದಾಟಿದ ಗುಂಪೇ ಇಲ್ಲ, ಮುದ್ರಣದ ಖರ್ಚು ದಂಡ. ಅದಕ್ಕಿಂತ ದೊಡ್ಡ ತಪ್ಪೆಂದರೆ ವಕೀಲರನ್ನೆಲ್ಲ ಒಂದೇ ಮೇಜಿಗೆ ಕೂರಿಸಿದ್ದು. ‘ವೈಯಕ್ತಿಕ ದತ್ತಾಂಶ’ ಎಂದರೇನು ಎಂಬ ವಾದದಲ್ಲೇ ಅವರ ಮೂರು ದಿನ ಮುಗಿದವು. ಈಗ ಮೇಜಿಗೊಬ್ಬರೇ ವಕೀಲರು, ಲಕೋಟೆ ನಾಲ್ಕೇ.

ಮೊದಲ ಲಕೋಟೆ: ಶುಕ್ರವಾರ ಸಂಜೆ, ಸರ್ವರ್‌ನಿಂದ ಯಾವುದೋ ದೊಡ್ಡ ಕಡತ ಹೊರಗೆ ಹೋಗಿದೆ. ಗಡಿಯಾರ ಈಗಲೇ ಶುರುವಾಯಿತೋ ಇಲ್ಲವೋ? ತಂತ್ರಜ್ಞರು ಇನ್ನೂ ಬರೀ ಅನುಮಾನ ಎನ್ನುತ್ತಾರೆ, ವಕೀಲರು ಬೆವರುತ್ತಾರೆ. ಜಿಡಿಪಿಆರ್ ವಿಧಿ 33 ಹೇಳುವುದು ಸೋರಿಕೆ ‘ಅರಿವಿಗೆ ಬಂದ’ ಮೇಲಿನ 72 ಗಂಟೆ. ಶನಿವಾರ, ಭಾನುವಾರಗಳಿಗೆ ರಿಯಾಯಿತಿ ಇಲ್ಲ. ಮಾಹಿತಿಯನ್ನು ಕಂತುಕಂತಾಗಿ ಕೊಡಬಹುದೆಂದು ಅದೇ ವಿಧಿಯಲ್ಲಿದ್ದರೂ, ಎಲ್ಲ ವಿವರ ಸಿಗಲಿ ಎಂದು ಕಾದೇ ಬಹಳಷ್ಟು ಗುಂಪುಗಳು ಸೋತವು.

ಎರಡನೆಯದರಲ್ಲಿ ಸೋರಿಕೆಯ ಮೂಲ ಹುಡುಕುವ ತನಿಖಾ ಸಂಸ್ಥೆಯನ್ನು ಯಾರ ಕೈಯಿಂದ, ಕಂಪನಿಯದೋ ವಕೀಲರದೋ, ನೇಮಿಸಬೇಕೆಂಬ ಪ್ರಶ್ನೆ. ತಪ್ಪಿದವರಿಗೆ ಅಮೆರಿಕದ ಬ್ಯಾಂಕ್ ಕ್ಯಾಪಿಟಲ್ ಒನ್ ಕಥೆ ಹೇಳುತ್ತೇನೆ. 2019ರ ಸೋರಿಕೆಯ ತನಿಖಾ ವರದಿಗೆ ಮೊಕದ್ದಮೆಯ ತಯಾರಿಗೆಂದು ಮಾಡಿಸಿದ ದಾಖಲೆಗಳಿಗಿರುವ ಗೋಪ್ಯತೆಯ ನೆರಳು ಸಿಗುತ್ತದೆಂದು ಕಂಪನಿ ನಂಬಿತ್ತು. 2020ರಲ್ಲಿ ಅಮೆರಿಕದ ನ್ಯಾಯಾಲಯ ಅದನ್ನು ಎದುರು ಪಕ್ಷಕ್ಕೆ ಕೊಡಿ ಎಂದಿತು. ಕಾರಣ, ತನಿಖಾ ಸಂಸ್ಥೆಯ ಜೊತೆ ಸೋರಿಕೆಗೂ ಮೊದಲೇ ಒಪ್ಪಂದವಿತ್ತು, ವರದಿ ಹಲವರ ಕೈ ದಾಟಿತ್ತು. ಇಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಮೂರನೆಯ ಲಕೋಟೆಯಲ್ಲಿ ಏನಿದೆ ಎಂದು ಬರೆಯುವುದಿಲ್ಲ, ನನ್ನ ಅನ್ನ ಅದರಲ್ಲಿದೆ.

ಹೊಸ ಪದ್ಧತಿಯ ಎರಡನೇ ಸಮ್ಮೇಳನದ ನಂತರ ಮೂವರು ಕಕ್ಷಿದಾರರು ಬಂದರು. ಹಿಂದಿನ ಎಲ್ಲ ನಷ್ಟ ಏಳೆಂಟು ತಿಂಗಳಲ್ಲಿ ತುಂಬಿತು. ಪಾಲುದಾರರು ಈಗ ಲಕೋಟೆ ಅಂಟಿಸಲು ತಾವೇ ಕೂರುತ್ತಾರೆ.

ಹುಮ್ಮಸ್ಸಿನಲ್ಲಿ ಒಮ್ಮೆ ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ತನಗೆ ವರದಿ ಮಾಡಲು 2022ರಲ್ಲಿ ವಿಧಿಸಿದ 6 ಗಂಟೆಯ ಗಡುವನ್ನೂ ಅದೇ ಲೆಕ್ಕದಲ್ಲಿ ಆಡಿಸಿದೆ. ಮೂರೇ ನಿಮಿಷ. ಎರಡನೇ ಲಕೋಟೆ ಹಂಚುವ ಮೊದಲೇ ಗಂಟೆ ಬಾರಿಸಿತು.