90 ನಿಮಿಷದ ಡೈ ಬದಲಾವಣೆಯನ್ನು 18ಕ್ಕೆ ಇಳಿಸಿದ ಬಗೆ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಶೀಟ್ ಮೆಟಲ್ ಪ್ರೆಸ್ ಶಾಪ್. ಒಂದೇ 100 ಟನ್ ಪ್ರೆಸ್ಸಿನ ಮೇಲೆ 14 ಡೈಗಳು (ತಗಡನ್ನು ಕತ್ತರಿಸಿ ಆಕಾರ ಕೊಡುವ ಅಚ್ಚುಗಳು) ಸರದಿಯಂತೆ ಓಡುತ್ತವೆ. ಲೀನ್ (ವ್ಯರ್ಥ ಕಡಿಮೆ ಮಾಡುವ ಉತ್ಪಾದನಾ ಪದ್ಧತಿ) ಎಂದರೆ ನೆಲಕ್ಕೆ ಹಳದಿ ಗೆರೆ, ಗೋಡೆಗೆ 5ಎಸ್ ಎಂಬ ಅಚ್ಚುಕಟ್ಟಿನ ಚಾರ್ಟ್ ಎಂದು ಶುರುಮಾಡುವವರೇ ಹೆಚ್ಚು. ಪ್ರೆಸ್ ಶಾಪಿನಲ್ಲಿ ಶುರುಮಾಡಬೇಕಾದ್ದು ಡೈ ಬದಲಾವಣೆಯಿಂದ. ಡೈ ಕಟ್ಟಲು ಒಂದೂವರೆ ಗಂಟೆ ಹಿಡಿದರೆ 1,000 ಪೀಸಿಗೆಂದು ಯಾರೂ ಕಟ್ಟುವುದಿಲ್ಲ. ಒಮ್ಮೆಲೇ 5,000 ಹೊಡೆದಿಡುತ್ತಾರೆ. ಪೀಣ್ಯದ ಗಿರಾಕಿ ವಾರಕ್ಕೆ ಒಯ್ಯುವುದು 1,000. ಮಿಕ್ಕ ಮಾಲು ತುಕ್ಕು ಹಿಡಿಯುತ್ತಾ ಕೂರುತ್ತದೆ, ಅದರಲ್ಲಿ ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು ಮುಳ್ಳು) ಇದ್ದರೆ ತಿಳಿಯುವುದು ತಿಂಗಳ ಮೇಲೆ. ಟೊಯೋಟಾದ ತೈಚಿ ಓನೊ ಪಟ್ಟಿಮಾಡಿದ ಏಳು ವ್ಯರ್ಥಗಳಲ್ಲಿ ಬೇಡಿಕೆಗಿಂತ ಹೆಚ್ಚು ಉತ್ಪಾದಿಸುವುದೇ ದೊಡ್ಡದು, ಏಕೆಂದರೆ ಉಳಿದವನ್ನು ಅದು ಮುಚ್ಚಿಡುತ್ತದೆ.

ಅಳತೆ ಹೀಗೆ: ಹಿಂದಿನ ಲಾಟಿನ (ಒಮ್ಮೆಗೆ ಹೊಡೆಯುವ ಮಾಲಿನ) ಕೊನೆಯ ಒಳ್ಳೆ ಪೀಸಿನಿಂದ ಹೊಸ ಲಾಟಿನ ಮೊದಲ ಒಳ್ಳೆ ಪೀಸಿನವರೆಗೆ. ಡೈ ಕಟ್ಟುವ ಸೆಟ್ಟರ್‌ಗೆ ಮೊದಲೇ ತಿಳಿಸಿ ಮೊಬೈಲಿನಲ್ಲಿ ಪೂರ್ತಿ ವಿಡಿಯೊ ತೆಗೆದು, ಅವರ ಜೊತೆಯಲ್ಲೇ ಕೂತು ನೋಡಿದೆವು. ಸ್ಪ್ಯಾನರ್, ಬೋಲ್ಟ್, ಮುಂದಿನ ಡೈ ಹುಡುಕಿ ತರಲು 31 ನಿಮಿಷ. ಇಳಿಸಿ ಏರಿಸಲು 17. ಎತ್ತರ ಹೊಂದಿಸಿ ಬಿಗಿಯಲು 24. ಮೊದಲ ಪೀಸಿನ ಟ್ರಯಲ್, ಗುಣಮಟ್ಟ ನೋಡುವ ಕ್ಯೂಸಿಯವರಿಗಾಗಿ ಕಾಯುವುದು 18.

ಮೊದಲ 31ಕ್ಕೆ ದುಡ್ಡು ಖರ್ಚಿಲ್ಲ. ಪ್ರೆಸ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸಗಳನ್ನು ನಿಂತ ಮೇಲೆ ಮಾಡುತ್ತಿದ್ದೆವು, ಅಷ್ಟೆ. ಈಗ ಲಾಟ್ ಮುಗಿಯಲು ಅರ್ಧ ಗಂಟೆ ಇರುವಾಗ ಡೈ, ಬೋಲ್ಟ್, ಗೇಜ್, ಹಿಂದಿನ ಸಲದ ಕೊನೆಯ ಪೀಸ್, ಎಲ್ಲ ಒಂದು ಟ್ರಾಲಿಯಲ್ಲಿ ಬಂದು ನಿಲ್ಲುತ್ತವೆ. 31 ಇದ್ದದ್ದು 4 ಆಯಿತು.

ಎತ್ತರದ ಕೆಲಸವೇ ಕಷ್ಟದ್ದು. ನಮ್ಮ ಡೈಗಳ ಮುಚ್ಚಿದ ಎತ್ತರ (ಮೇಲಿನ, ಕೆಳಗಿನ ಭಾಗ ಕೂಡಿದಾಗಿನ ಎತ್ತರ) 210ರಿಂದ 255 ಮಿಮೀವರೆಗೆ ಇತ್ತು, ಪ್ರತಿ ಸಲ ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಚಲಿಸುವ ರ‍್ಯಾಮ್ ಸ್ಕ್ರೂ ತಿರುಗಿಸಿ ಹೊಂದಿಸಬೇಕಿತ್ತು. ಪ್ರತಿ ಡೈಯ ತಳಕ್ಕೆ ಗ್ರೈಂಡ್ ಮಾಡಿದ ಪ್ಲೇಟನ್ನು ಸ್ಕ್ರೂ ಹಾಕಿ ಕೂರಿಸಿ ಎಲ್ಲವನ್ನೂ 270 ಮಿಮೀಗೆ ತಂದೆವು. ಬಿಡಿ ಪ್ಯಾಕಿಂಗ್ (ಎತ್ತರಕ್ಕೆಂದು ಅಡಿಗಿಡುವ ತುಂಡು) ಬೇಡವೇ ಬೇಡ; ಅಡಿಯಲ್ಲಿ ಒಂದು ಚಿಪ್ಪು ಸಿಕ್ಕಿಕೊಂಡರೂ ಡೈ ವಾಲುತ್ತದೆ, ಒಂದೇ ಬದಿಗೆ ಬರ್ ಏಳುತ್ತದೆ, ಪಂಚಿನ ಅಂಚು ಒಡೆಯುತ್ತದೆ. ಸ್ಕ್ರ್ಯಾಪ್ ಬೀಳುವ ರಂಧ್ರ ಪ್ಲೇಟಿನಲ್ಲೂ ಇರಬೇಕು, ಡೈಯದಕ್ಕಿಂತ ದೊಡ್ಡದಾಗಿ. ಇಲ್ಲದಿದ್ದರೆ ಬಿಲ್ಲೆಗಳು ಕಟ್ಟಿಕೊಂಡು ಡೈ ಸೀಳುತ್ತದೆ. ಸಾಣೆ ಹಿಡಿಸಿದ ಮೇಲೆ ಎತ್ತರ ತಗ್ಗುವುದರಿಂದ ಟೂಲ್ ರೂಮಿನಿಂದ ಹೊರಡುವ ಮುನ್ನ ಅಳೆದು ಡೈಯ ಮೇಲೆಯೇ ಬರೆಯುತ್ತೇವೆ. ಕ್ಲಾಂಪ್ ಹಿಡಿಯುವ ಅಂಚು ಎಲ್ಲದರಲ್ಲೂ 40 ಮಿಮೀ. ಹಾಗಾಗಿ ಒಂದೇ ಉದ್ದದ ಟೀ-ಬೋಲ್ಟ್, ಒಂದೇ ಸ್ಪ್ಯಾನರ್. ಬೋಲ್ಟ್ ಡೈಗೆ ಹತ್ತಿರವಿರಬೇಕು, ಕ್ಲಾಂಪಿನ ಹಿಂತುದಿಗೆ ಆಧಾರ ಕೊಡುವ ಬ್ಲಾಕಿಗಲ್ಲ. ಹಿಂದೆ ಸರಿದರೆ ಬಿಗಿತವೆಲ್ಲ ಬ್ಲಾಕಿಗೇ ಹೋಗಿ ಡೈ ಜರುಗುತ್ತದೆ. ಇಷ್ಟರಲ್ಲಿ 24 ನಿಮಿಷ 5ಕ್ಕೆ ಇಳಿಯಿತು.

ಬೋಲ್ಸ್ಟರ್ (ಡೈ ಕೂರುವ ಪ್ರೆಸ್ಸಿನ ಮೇಜು) ಮೇಲೆ ಎರಡು ಪಿನ್, ಡೈಯ ಹಿಂದಂಚಿನಲ್ಲಿ ಅವಕ್ಕೆ ಕೂರುವ ಕಚ್ಚು. ತಳ್ಳಿದರೆ ಜಾಗಕ್ಕೆ ನಿಲ್ಲುತ್ತದೆ: 17 ಈಗ 6. ಮೊದಲ ಪೀಸನ್ನು ಆಪರೇಟರೇ ಗೇಜಿನಲ್ಲಿ ನೋಡುತ್ತಾರೆ, ಕ್ಯೂಸಿಗೆ ಹತ್ತು ನಿಮಿಷ ಮುಂಚೆ ಸುದ್ದಿ ಹೋಗಿರುತ್ತದೆ: 3.

ಸಮಯ ಉಳಿಸಲು ಕೈ ಹಾಕಬಾರದ ಜಾಗಗಳಿವೆ. ಮೇನ್ ಸ್ವಿಚ್ ಆರಿಸಿ ಬೀಗ, ಫ್ಲೈವೀಲ್ ಪೂರ್ತಿ ನಿಲ್ಲುವ ತನಕ ಕಾಯುವುದು, ರ‍್ಯಾಮ್ ಅಡಿಗೆ ಸೇಫ್ಟಿ ಬ್ಲಾಕ್. ಇಲ್ಲಿ ಅರ್ಧ ನಿಮಿಷವನ್ನೂ ಕಡಿಯಕೂಡದು. ಬೆರಳು ಹೋಗುವುದು ಈ ಅವಸರದಲ್ಲೇ.

ತಿಂಗಳ ಮೇಲೆ ಸಮಯ 35 ನಿಮಿಷಕ್ಕೆ ಏರಿತು. ಕಾರಣ, ಟ್ರಾಲಿಯ ಬೋಲ್ಟ್‌ಗಳನ್ನು ಪಕ್ಕದ ಪ್ರೆಸ್ಸಿಗೆ ಒಯ್ದಿದ್ದರು. ಅದಕ್ಕೂ ಒಂದು ಸೆಟ್ ಕೊಟ್ಟು, ಟ್ರಾಲಿಯಲ್ಲಿ ಪ್ರತಿ ಸಾಮಾನಿನ ಆಕಾರ ಬರೆದೆವು. ಈಗ ಪ್ರತಿ ಬದಲಾವಣೆಯ ಸಮಯ ಬೋರ್ಡಿಗೆ ಬೀಳುತ್ತದೆ. 25 ದಾಟಿದರೆ ಪಕ್ಕದಲ್ಲಿ ಕಾರಣ, ಹೆಸರಲ್ಲ.

ಉಳಿದ ಸಮಯದಲ್ಲಿ ಹೆಚ್ಚು ಮಾಲು ಹೊಡೆಯುವ ಆಸೆ ಬರುತ್ತದೆ. ನಾವು ಲಾಟನ್ನು 1,000ಕ್ಕೆ ಇಳಿಸಿದೆವು. ಐದು ಸಲ 18 ಎಂದರೆ ಅದೇ 90 ನಿಮಿಷ. ಪ್ರೆಸ್ಸಿಗೆ ನಷ್ಟವಿಲ್ಲ, ಲಾಟ್ ಮಾತ್ರ ಐದರಲ್ಲೊಂದು. 1969ರಲ್ಲಿ ಜಪಾನಿನ ಇಂಜಿನಿಯರ್ ಶಿಗೆಒ ಶಿಂಗೊ ಟೊಯೋಟಾದ 1,000 ಟನ್ ಪ್ರೆಸ್ಸಿನಲ್ಲಿ ನಾಲ್ಕು ಗಂಟೆಯ ಕೆಲಸವನ್ನು ಮೂರು ನಿಮಿಷಕ್ಕೆ ತಂದಿದ್ದರು. ಹತ್ತು ನಿಮಿಷದೊಳಗಿನ ಒಂದಂಕಿ ನಮಗಿನ್ನೂ ಸಿಕ್ಕಿಲ್ಲ. ಏರಿಸಿ ಇಳಿಸುವ 6 ನಿಮಿಷಕ್ಕೆ ಬೋಲ್ಸ್ಟರ್ ಮಟ್ಟಕ್ಕೆ ರೋಲರ್ ಕೈಗಳನ್ನು ಜೋಡಿಸುತ್ತಿದ್ದೇವೆ.